ದಿನಸಿ ಮಳಿಗೆಯಲ್ಲಿ ಕಂಪ್ಯೂಟರ್ ದೃಷ್ಟಿಯನ್ನು ಅಳವಡಿಸಿಕೊಳ್ಳುವ ಬಗೆ

ಹುಬ್ಬಳ್ಳಿ, ದಾವಣಗೆರೆ, ಹಾಸನದಂಥ ಊರುಗಳಲ್ಲಿ ಎರಡು ಮೂರು ಸಾವಿರ ಚದರಡಿಯ ದಿನಸಿ ಮಳಿಗೆ ನಡೆಸುವವರ ಬಳಿಗೂ ಈಗ ಕಂಪ್ಯೂಟರ್ ದೃಷ್ಟಿಯ, ಅಂದರೆ ಚಿತ್ರದಲ್ಲಿ ಏನಿದೆ ಎಂದು ತಂತ್ರಾಂಶವೇ ಗುರುತಿಸುವ, ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ವ್ಯವಸ್ಥೆ ಮಾರುವವರು ಬರುತ್ತಿದ್ದಾರೆ. ಕಳ್ಳತನ ಹಿಡಿಯುತ್ತದೆ, ಗ್ರಾಹಕರನ್ನು ಎಣಿಸುತ್ತದೆ, ಖಾಲಿ ರ‍್ಯಾಕ್ ತೋರಿಸುತ್ತದೆ, ಬಿಲ್ಲಿಂಗ್ ಸರದಿ ಕಡಿಮೆ ಮಾಡುತ್ತದೆ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಈ ಕೆಲಸಗಳೆಲ್ಲ ಒಂದೇ ತೂಕದವಲ್ಲ. ಕೆಲವು ಇಂದೇ ನೆಚ್ಚಬಹುದಾದಷ್ಟು ಪಕ್ವವಾಗಿವೆ, ಕೆಲವು ನಿಮ್ಮನ್ನು ಗ್ರಾಹಕರ ಎದುರು ತಲೆತಗ್ಗಿಸುವಂತೆ ಮಾಡಬಲ್ಲವು. ಆದ್ದರಿಂದ ಕ್ಯಾಮೆರಾವನ್ನು ಮೊದಲು ಸರಕಿನ ಕಡೆಗೆ ತಿರುಗಿಸಿ, ಅದರಿಂದ ಬಂದ ಲಾಭವನ್ನು ನಿಮ್ಮದೇ ಮಳಿಗೆಯ ಲೆಕ್ಕದಲ್ಲಿ ಅಳೆದು ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಡಿ ಎಂಬುದು ನನ್ನ ಖಚಿತ ಸಲಹೆ.

ಕ್ಯಾಷಿಯರ್ ಇಲ್ಲದ ಮಳಿಗೆಯ ಕನಸನ್ನು ಸದ್ಯಕ್ಕೆ ಬದಿಗಿಡಿ. ಅಮೆಜಾನ್ ಸಂಸ್ಥೆಯು 2018ರ ಜನವರಿಯಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಇಂಥ ಮಳಿಗೆಯನ್ನು ಸಾರ್ವಜನಿಕರಿಗೆ ತೆರೆಯಿತು. ಚಾವಣಿಯ ತುಂಬ ಕ್ಯಾಮೆರಾಗಳೂ ರ‍್ಯಾಕುಗಳಲ್ಲಿ ತೂಕದ ಸಂವೇದಕಗಳೂ ಇದ್ದು, ಗ್ರಾಹಕರು ಬೇಕಾದ್ದನ್ನು ಎತ್ತಿಕೊಂಡು ನೇರವಾಗಿ ಹೊರನಡೆಯುವ ಏರ್ಪಾಡು ಅದು. ಆದರೆ ಅದೇ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಅಮೆರಿಕದ ತನ್ನ ದೊಡ್ಡ ದಿನಸಿ ಮಳಿಗೆಗಳಿಂದ ಈ ಏರ್ಪಾಡನ್ನು ತೆಗೆದು, ಹಾಕಿದ ಸರಕಿನ ಲೆಕ್ಕವನ್ನು ಆಗಿಂದಾಗಲೇ ತೋರಿಸುವ ಗಾಲಿಬುಟ್ಟಿಗೆ ಹೊರಳುವುದಾಗಿ ಪ್ರಕಟಿಸಿತು. ವಾರದ ಸಾಮಾನು ಕೊಳ್ಳುವವರಿಗೆ ಬಿಲ್ ಎಷ್ಟಾಯಿತೆಂಬುದು ಹೊರಡುವ ಮೊದಲೇ ಕಣ್ಣಿಗೆ ಕಾಣಬೇಕು. ನಮ್ಮ ಊರುಗಳ ಗ್ರಾಹಕರಿಗಂತೂ ಇದು ಇನ್ನೂ ಹೆಚ್ಚು ನಿಜ.

ಮೊದಲ ಕೆಲಸ: ಖಾಲಿ ರ‍್ಯಾಕ್ ಪತ್ತೆ

ಆರಂಭಕ್ಕೆ ಇದನ್ನೇ ಆರಿಸಿಕೊಳ್ಳಲು ಒಂದು ತಾಂತ್ರಿಕ ಕಾರಣವಿದೆ. ಮಳಿಗೆಯಲ್ಲಿರುವ ಸಾವಿರಾರು ಬಗೆಯ ಸರಕನ್ನು ಒಂದೊಂದಾಗಿ ಗುರುತಿಸಬೇಕಾದರೆ, ಪ್ರತಿಯೊಂದರ ಹಲವಾರು ಚಿತ್ರಗಳನ್ನು ಬೇರೆ ಬೇರೆ ಕೋನ ಮತ್ತು ಬೆಳಕಿನಲ್ಲಿ ತೆಗೆದು, ಹೆಸರು ಗುರುತು ಮಾಡಿ, ತಂತ್ರಾಂಶಕ್ಕೆ ಕಲಿಸಬೇಕು. ಕಂಪನಿಯವರು ಪೊಟ್ಟಣದ ವಿನ್ಯಾಸ ಬದಲಿಸಿದ ದಿನ ಆ ಕಲಿಕೆ ಹಳತಾಗುತ್ತದೆ. ಹತ್ತು ರೂಪಾಯಿಯ ಸೋಪಿನ ಪುಡಿಗೂ ಇಪ್ಪತ್ತು ರೂಪಾಯಿಯದಕ್ಕೂ ಚಿತ್ರದಲ್ಲಿ ಕಾಣುವ ವ್ಯತ್ಯಾಸ ಗಾತ್ರದ್ದು ಮಾತ್ರ. ಇದಕ್ಕೆ ಹೋಲಿಸಿದರೆ ಖಾಲಿ ಜಾಗ ಅಥವಾ ತುಂಬಿದ ಜಾಗ ಎಂಬ ಎರಡನ್ನು ಮಾತ್ರ ಬೇರ್ಪಡಿಸುವ ಕೆಲಸ ಬಹಳ ಸುಲಭದ್ದು. ಯಾವ ಜಾಗದಲ್ಲಿ ಯಾವ ಸರಕು ಇರಬೇಕೆಂಬುದನ್ನು ನೀವೇ ಒಂದು ನಕ್ಷೆಯಲ್ಲಿ ಬರೆದುಕೊಟ್ಟರೆ, ಖಾಲಿಯಾದದ್ದು ಯಾವುದೆಂದು ತಂತ್ರಾಂಶ ಹೇಳಬಲ್ಲದು.

ಕ್ಯಾಮೆರಾ ಕೊಳ್ಳುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕಬೇಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಗಲಕ್ಕೆ 1920 ಪಿಕ್ಸೆಲ್ (ಚಿತ್ರವನ್ನು ರೂಪಿಸುವ ಚುಕ್ಕೆ) ಇರುತ್ತದೆ. ಅದು 4 ಮೀಟರ್ ಅಗಲದ ರ‍್ಯಾಕನ್ನು ನೋಡುತ್ತಿದ್ದರೆ ಮೀಟರಿಗೆ 480 ಪಿಕ್ಸೆಲ್ ಸಿಗುತ್ತದೆ. ಅಂದರೆ 5 ಸೆಂಟಿಮೀಟರ್ ಅಗಲದ ಸೋಪಿನ ಡಬ್ಬಿಗೆ ಬರೀ 24 ಪಿಕ್ಸೆಲ್. ಖಾಲಿ ಜಾಗ ಕಾಣಲು ಇಷ್ಟು ಸಾಕಾಗಬಹುದು, ಡಬ್ಬಿಯ ಮೇಲಿನ ಹೆಸರು ಓದಲು ಖಂಡಿತ ಸಾಲದು. ಅದೇ 2560 ಪಿಕ್ಸೆಲ್ ಅಗಲದ 4 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು 2 ಮೀಟರ್ ರ‍್ಯಾಕಿಗೆ ಹಿಡಿದರೆ ಡಬ್ಬಿಗೆ 64 ಪಿಕ್ಸೆಲ್ ದೊರೆಯುತ್ತದೆ. ಈಗಿರುವ ಸಿಸಿ ಟಿವಿ ಕ್ಯಾಮೆರಾಗಳಲ್ಲೇ ಎಲ್ಲವೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಡಿ. ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ನೋಡುವ ಹಳೆಯ ಕ್ಯಾಮೆರಾಕ್ಕೆ ರ‍್ಯಾಕಿನ ಕೆಳಗಿನ ಎರಡು ಸಾಲುಗಳ ಒಳಭಾಗ ಕಾಣುವುದೇ ಇಲ್ಲ. ಎದುರಿನ ರ‍್ಯಾಕಿನ ಮೇಲಂಚಿನಲ್ಲಿ ಕೂರಿಸಿದ ಕ್ಯಾಮೆರಾಕ್ಕೆ ಕಾಣುತ್ತದೆ.

ಬೆಳಕಿನ ವಿಷಯಕ್ಕೆ ಕ್ಯಾಮೆರಾದಷ್ಟೇ ಗಮನ ಕೊಡಿ. ಎಣ್ಣೆ ಪೌಚು, ಚಿಪ್ಸ್ ಪೊಟ್ಟಣಗಳು ದೀಪದ ಕೆಳಗೆ ಹೊಳೆದು ಚಿತ್ರದಲ್ಲಿ ಬಿಳಿ ಮಚ್ಚೆಯಾಗುತ್ತವೆ. ಪಶ್ಚಿಮಕ್ಕೆ ಮುಖಮಾಡಿದ ಮಳಿಗೆಯಲ್ಲಿ ಸಂಜೆಯ ಬಿಸಿಲು ಮುಂಬಾಗಿಲಿನಿಂದ ನೇರ ಒಳಗೆ ಬಿದ್ದು ಮುಂದಿನ ಸಾಲುಗಳನ್ನು ನುಂಗಿಹಾಕುತ್ತದೆ. ನಂದಿನಿ ಹಾಲನ್ನು ಗ್ರಾಹಕರು ನೀಲಿ ಪ್ಯಾಕೆಟ್, ಹಸಿರು ಪ್ಯಾಕೆಟ್ ಎಂದು ಬಣ್ಣದಿಂದಲೇ ಕೇಳುತ್ತಾರೆ. ಆದರೆ ಫ್ರಿಜ್ಜಿನ ಹಳದಿ ಬೆಳಕಿನಲ್ಲಿ, ಗಾಜಿನ ಮೇಲೆ ಹಬೆ ಕೂತಾಗ, ಕ್ಯಾಮೆರಾಕ್ಕೆ ಆ ಎರಡು ಬಣ್ಣಗಳು ಒಂದರಂತೆ ಇನ್ನೊಂದು ಕಂಡರೆ ಆಶ್ಚರ್ಯವಿಲ್ಲ. ಹಗಲು, ಸಂಜೆ, ರಾತ್ರಿ ಮೂರೂ ಹೊತ್ತಿನ ಚಿತ್ರಗಳನ್ನು ತೆಗೆದು ನೋಡಿದ ಮೇಲೆಯೇ ಕ್ಯಾಮೆರಾದ ಜಾಗ ಅಂತಿಮಗೊಳಿಸಿ.

ರ‍್ಯಾಕ್ ಒಂದು ಕ್ಷಣದಲ್ಲಿ ಖಾಲಿಯಾಗುವುದಿಲ್ಲವಾದ್ದರಿಂದ ವಿಡಿಯೋವನ್ನು ಸತತವಾಗಿ ವಿಶ್ಲೇಷಿಸುವ ಅಗತ್ಯವಿಲ್ಲ. ಐದು ನಿಮಿಷಕ್ಕೊಂದು ಚಿತ್ರ ಸಾಕು; ಹನ್ನೆರಡು ಗಂಟೆಯ ವಹಿವಾಟಿಗೆ ಒಂದು ಕ್ಯಾಮೆರಾದಿಂದ 144 ಚಿತ್ರಗಳಾಗುತ್ತವೆ, ಇದನ್ನು ಮಳಿಗೆಯಲ್ಲೇ ಇರುವ ಸಾಧಾರಣ ಕಂಪ್ಯೂಟರ್ ನಿಭಾಯಿಸುತ್ತದೆ. ದುಬಾರಿ ಯಂತ್ರವನ್ನೋ ಪ್ರತಿ ತಿಂಗಳ ಕ್ಲೌಡ್ (ಇಂಟರ್ನೆಟ್ ಮೂಲಕ ಬಳಸುವ ಹೊರಗಿನ ಕಂಪ್ಯೂಟರ್) ಬಾಡಿಗೆಯನ್ನೋ ಒಪ್ಪಿಕೊಳ್ಳುವ ಮೊದಲು ಇದನ್ನು ನೆನಪಿನಲ್ಲಿಡಿ. ರ‍್ಯಾಕಿನ ಮುಂದೆ ಗ್ರಾಹಕರು ನಿಂತು ಅಡ್ಡವಾಗುವುದು ಸಹಜ. ಆದ್ದರಿಂದ ಸತತ ಮೂರು ಚಿತ್ರಗಳಲ್ಲಿ ಜಾಗ ಖಾಲಿ ಕಂಡರೆ ಮಾತ್ರ ಎಚ್ಚರಿಕೆ ಕಳುಹಿಸುವಂತೆ ಹೇಳಿ ಮಾಡಿಸಿ.

ಬಿಲ್ಲಿಂಗ್ ತಂತ್ರಾಂಶದೊಂದಿಗೆ ಜೋಡಿಸಿದಾಗ ಈ ವ್ಯವಸ್ಥೆಯ ನಿಜವಾದ ಬೆಲೆ ತಿಳಿಯುತ್ತದೆ. ರ‍್ಯಾಕ್ ಖಾಲಿ, ಆದರೆ ಲೆಕ್ಕದಲ್ಲಿ ಸ್ಟಾಕ್ ಇದೆ ಎಂದಾದರೆ ಹುಡುಗರು ಗೋಡೌನ್‌ನಿಂದ ತಂದು ತುಂಬಬೇಕು. ತೊಗರಿಬೇಳೆಯ ಚೀಲ ಹಿಂದೆ ಬಿದ್ದಿದ್ದು, ಮುಂದೆ ಗ್ರಾಹಕರು ಇಲ್ಲವೆಂದು ಹೊರಟುಹೋಗುವ ನಷ್ಟ ಇಲ್ಲಿ ನಿಲ್ಲುತ್ತದೆ. ಗೋಡೌನ್‌ನಲ್ಲಿ ಹುಡುಕಿದರೂ ಸಿಗದಿದ್ದರೆ ಸರಕು ಕಳುವಾಗಿದೆ, ಹಾಳಾಗಿದೆ ಅಥವಾ ಬಂದಾಗಲೇ ತಪ್ಪಾಗಿ ಎಂಟ್ರಿಯಾಗಿದೆ. ಯಾರ ಮುಖವನ್ನೂ ನೋಡದೆ ಸೋರಿಕೆಯ ಜಾಡು ಹಿಡಿಯುವ ದಾರಿ ಇದು. ರ‍್ಯಾಕೂ ಖಾಲಿ, ಲೆಕ್ಕವೂ ಸೊನ್ನೆ ಎಂದಾದರೆ ವಿತರಕರಿಗೆ ಆರ್ಡರ್ ಹೋಗಬೇಕು. ರ‍್ಯಾಕಿನಲ್ಲಿ ಸರಕು ಕಾಣುತ್ತಿದ್ದು ಲೆಕ್ಕದಲ್ಲಿ ಸೊನ್ನೆ ಇದ್ದರೆ, ಕೌಂಟರಿನಲ್ಲಿ ಒಂದರ ಬದಲು ಇನ್ನೊಂದರ ಬಾರ್‌ಕೋಡ್ ಓದಿಸುತ್ತಿರುವ ಸಾಧ್ಯತೆ ಹೆಚ್ಚು.

ಎಚ್ಚರಿಕೆಯು ಮಾಲೀಕರ ಫೋನಿಗಿಂತ ಮೊದಲು ರ‍್ಯಾಕ್ ತುಂಬುವವರ ಫೋನಿಗೆ, ಕನ್ನಡದಲ್ಲಿ, ಸಾಲಿನ ಸಂಖ್ಯೆಯ ಸಮೇತ ಬರಬೇಕು.

ಹಣ ಕೊಡುವ ಮೊದಲು ಅಳೆಯುವುದು

ಎರಡು ವಾರಗಳ ಪ್ರಯೋಗಕ್ಕೆ ಒಪ್ಪದವರೊಂದಿಗೆ ವ್ಯವಹಾರ ಬೇಡ. ಆ ಎರಡು ವಾರ, ಒಬ್ಬರು ಗಂಟೆಗೊಮ್ಮೆ ರ‍್ಯಾಕುಗಳನ್ನು ಕಣ್ಣಾರೆ ನೋಡಿ ಖಾಲಿ ಜಾಗಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಉದಾಹರಣೆಗೆ, ಪುಸ್ತಕದಲ್ಲಿ 80 ಖಾಲಿ ಜಾಗಗಳಿದ್ದು ತಂತ್ರಾಂಶ ಅವುಗಳಲ್ಲಿ 68 ಹಿಡಿದಿದ್ದರೆ ಶೇ. 85ರಷ್ಟು ಸಿಕ್ಕಂತಾಯಿತು. ಅದೇ ಅವಧಿಯಲ್ಲಿ ಒಟ್ಟು 100 ಎಚ್ಚರಿಕೆಗಳು ಬಂದಿದ್ದರೆ 32 ಸುಳ್ಳು ಎಂದಾಯಿತು. ಈ ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಕೇಳಬೇಕು. ಒಟ್ಟಾರೆ ನಿಖರತೆ ಶೇ. 98 ಎಂಬ ಒಂದೇ ಸಂಖ್ಯೆಗೆ ಅರ್ಥವಿಲ್ಲ, ಏಕೆಂದರೆ ಬಹುತೇಕ ಜಾಗಗಳು ಬಹುತೇಕ ಹೊತ್ತು ತುಂಬಿಯೇ ಇರುತ್ತವೆ, ಏನನ್ನೂ ಹಿಡಿಯದ ತಂತ್ರಾಂಶಕ್ಕೂ ಅಷ್ಟು ಅಂಕ ಬರುತ್ತದೆ. ಸುಳ್ಳು ಎಚ್ಚರಿಕೆ ಹೆಚ್ಚಾದರೆ ಕೆಲಸದವರು ಕೆಲವೇ ದಿನಗಳಲ್ಲಿ ಫೋನ್ ನೋಡುವುದನ್ನೇ ಬಿಡುತ್ತಾರೆ.

ತರಕಾರಿ ತಕ್ಕಡಿಗೆ ಕ್ಯಾಮೆರಾ

ಎರಡನೆಯ ಹೆಜ್ಜೆಯಾಗಿ ತರಕಾರಿ ಮತ್ತು ಹಣ್ಣಿನ ತಕ್ಕಡಿಯ ಮೇಲೆ ಒಂದು ಕ್ಯಾಮೆರಾ ಇಡಬಹುದು. ತಟ್ಟೆಯಲ್ಲಿಟ್ಟದ್ದು ಏನೆಂದು ತಂತ್ರಾಂಶ ಊಹಿಸಿದರೆ ಕೋಡ್ ಹುಡುಕುವ ಸಮಯ ಉಳಿಯುತ್ತದೆ. ಆದರೆ ಹೊರದೇಶಗಳ ಚಿತ್ರಗಳಿಂದ ಕಲಿತ ತಂತ್ರಾಂಶಕ್ಕೆ ಬಾಳೆಹಣ್ಣೆಂದರೆ ಒಂದೇ ಹಣ್ಣು. ನಮಗೆ ಏಲಕ್ಕಿ ಬಾಳೆ, ಪಚ್ಚಬಾಳೆ, ನಂಜನಗೂಡು ರಸಬಾಳೆ ಬೇರೆ ಬೇರೆ, ಅವುಗಳ ದರವೂ ಬೇರೆ. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಕವರಿನೊಳಗಿದ್ದಾಗ ಮನುಷ್ಯರೇ ಒಮ್ಮೆ ಮೂಸಿ ನೋಡಬೇಕಾಗುತ್ತದೆ. ಆದ್ದರಿಂದ ತಂತ್ರಾಂಶವು ಮೂರು ಹೆಸರುಗಳನ್ನು ಪರದೆಯ ಮೇಲೆ ತೋರಿಸಲಿ, ಕೌಂಟರಿನಲ್ಲಿರುವವರು ಸರಿಯಾದದ್ದನ್ನು ಮುಟ್ಟಲಿ. ಪ್ರತಿ ಸ್ಪರ್ಶವೂ ಹೆಸರು ಗುರುತಾದ ಒಂದು ಹೊಸ ಚಿತ್ರವಾಗಿ ಉಳಿದು, ತಂತ್ರಾಂಶ ನಿಮ್ಮ ಮಳಿಗೆಯ ಸರಕಿಗೆ ಒಗ್ಗಿಕೊಳ್ಳುತ್ತದೆ. ಕ್ಯಾಮೆರಾ ಜೋಡಿಸುವವರು ತಕ್ಕಡಿಯನ್ನು ಬಿಚ್ಚದಂತೆ ನೋಡಿಕೊಳ್ಳಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಒಡೆಯಬಾರದು.

ಮುಖ ಗುರುತಿಸುವ ವ್ಯವಸ್ಥೆ ಬೇಡ

ಕಳ್ಳರ ಮುಖವನ್ನು ಬಾಗಿಲಿನಲ್ಲೇ ಗುರುತಿಸುವ ವ್ಯವಸ್ಥೆಯನ್ನು ನಮ್ಮ ಗಾತ್ರದ ಮಳಿಗೆಗಳು ಹಾಕಿಸಿಕೊಳ್ಳಲೇಬಾರದು. ಕಾರಣ ಸರಳ ಗಣಿತದಲ್ಲಿದೆ. ದಿನಕ್ಕೆ 600 ಜನ ಬರುತ್ತಾರೆ, ವ್ಯವಸ್ಥೆಯು ನೂರಕ್ಕೆ ಒಬ್ಬ ಅಮಾಯಕರನ್ನು ಮಾತ್ರ ತಪ್ಪಾಗಿ ಗುರುತಿಸುತ್ತದೆ, ನಿಜವಾದ ಕಳ್ಳ ದಿನಕ್ಕೊಬ್ಬ ಬರುತ್ತಾನೆ ಎಂದಿಟ್ಟುಕೊಳ್ಳಿ. ಆ ಒಬ್ಬನನ್ನು ಹಿಡಿದ ದಿನವೇ ಸುಮಾರು ಆರು ಮಂದಿ ನಿರಪರಾಧಿಗಳ ಮೇಲೂ ಗಂಟೆ ಬಾರಿಸುತ್ತದೆ. ಅವರು ನಿಮ್ಮ ಬೀದಿಯವರೇ, ಹೆಸರು ಹಿಡಿದು ಮಾತಾಡಿಸುವವರೇ ಆಗಿರುತ್ತಾರೆ.

ಅಮೆರಿಕದ ರೈಟ್ ಏಡ್ ಔಷಧ ಮಳಿಗೆಗಳಲ್ಲಿ ಇದು ನಡೆದದ್ದು ದಾಖಲಾಗಿದೆ. ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪದಂತೆ, ಮುಖಗಳ ತಪ್ಪು ಹೊಂದಿಕೆಗಳ ಕಾರಣ ಸಿಬ್ಬಂದಿ ಗ್ರಾಹಕರನ್ನು ಹಿಂಬಾಲಿಸಿದರು, ಹನ್ನೊಂದು ವರ್ಷದ ಒಬ್ಬ ಬಾಲಕಿಯನ್ನು ತಡೆದು ತಪಾಸಣೆ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ ಒಪ್ಪಂದದಂತೆ ರೈಟ್ ಏಡ್ ಐದು ವರ್ಷ ಇಂಥ ತಂತ್ರಜ್ಞಾನ ಬಳಸದಂತೆ ನಿರ್ಬಂಧ ಬಿತ್ತು. ನಮ್ಮಲ್ಲಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚನೆಗೊಂಡು ಹಂತಹಂತವಾಗಿ ಜಾರಿಗೆ ಬರುತ್ತಿವೆ. ದತ್ತಾಂಶವನ್ನು ಕಾಪಾಡುವಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಹದಿನೆಂಟು ತುಂಬದವರ ವರ್ತನೆಯ ಮೇಲೆ ನಿಗಾ ಇಡುವುದನ್ನು ಕಾಯ್ದೆ ನಿರ್ಬಂಧಿಸುತ್ತದೆ. ಬಿಸ್ಕತ್ತಿಗೋ ಬ್ರೆಡ್ಡಿಗೋ ಮಕ್ಕಳನ್ನು ಕಳುಹಿಸುವ ನಮ್ಮ ಬಡಾವಣೆಗಳ ಅಂಗಡಿಗೆ ಇದು ನೇರವಾಗಿ ತಟ್ಟುತ್ತದೆ.

ಭದ್ರತೆಯ ಸಾಧಾರಣ ಸಿಸಿ ಟಿವಿ ಬೇರೆ ಮಾತು. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯು ಜನ ಹೆಚ್ಚಾಗಿ ಸೇರುವ ಮಳಿಗೆಗಳಿಗೆ ಕ್ಯಾಮೆರಾ ಇಟ್ಟು 30 ದಿನಗಳ ದೃಶ್ಯ ಉಳಿಸಲು ಹೇಳುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ದಾಖಲಾಗುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ 21.6 ಜಿಬಿ, ಮೂವತ್ತು ದಿನಕ್ಕೆ 648 ಜಿಬಿ ಬೇಕಾಗುತ್ತದೆ. ಹಾರ್ಡ್ ಡಿಸ್ಕನ್ನು ಈ ಲೆಕ್ಕದಲ್ಲಿ ಕೊಳ್ಳಿ. ರ‍್ಯಾಕ್ ನೋಡುವ ಕ್ಯಾಮೆರಾಗಳನ್ನು ಇದರಿಂದ ಬೇರೆಯಾಗಿಟ್ಟು, ಅವುಗಳ ಚಿತ್ರದಲ್ಲಿ ಬಿದ್ದ ಜನರನ್ನು ಉಳಿಸುವ ಮೊದಲೇ ಮಸುಕುಗೊಳಿಸುವಂತೆ ಮಾಡಿಸಿ. ಬಾಗಿಲಿನಲ್ಲಿ ಕ್ಯಾಮೆರಾ ಏನನ್ನು ನೋಡುತ್ತದೆ, ಏಕೆ ನೋಡುತ್ತದೆ ಎಂದು ಕನ್ನಡದಲ್ಲಿ ಫಲಕ ಹಾಕಿ.

ಕರಾರಿಗೆ ಸಹಿ ಹಾಕುವಾಗ ಕಡ್ಡಾಯವಾಗಿ ಇರಬೇಕಾದ ಮಾತುಗಳಿವೆ. ನಿಮ್ಮ ಮಳಿಗೆಯಲ್ಲಿ ತೆಗೆದ ಚಿತ್ರಗಳು ಮತ್ತು ನಿಮ್ಮ ಕೆಲಸದವರು ಮಾಡಿದ ಗುರುತುಗಳು ನಿಮ್ಮ ಸ್ವತ್ತು, ಕರಾರು ಮುಗಿದ ದಿನ ಅವು ನಿಮಗೆ ಮರಳಬೇಕು, ಮಾರಾಟಗಾರರ ಬಳಿ ಉಳಿದ ಪ್ರತಿಗಳು ಅಳಿಯಬೇಕು. ಹೊಸ ಪೊಟ್ಟಣ ಬಂದಾಗ, ಯುಗಾದಿ ದೀಪಾವಳಿಗೆ ರ‍್ಯಾಕುಗಳ ಜೋಡಣೆ ಬದಲಾದಾಗ ನಕ್ಷೆ ತಿದ್ದುವವರು ಯಾರು, ಎಷ್ಟು ದಿನದೊಳಗೆ, ಅದರ ಖರ್ಚು ಯಾರದು ಎಂಬುದೂ ಕಾಗದದಲ್ಲಿ ಇರಬೇಕು. ಆ ತಿದ್ದುಪಡಿಯನ್ನು ಮಳಿಗೆಯವರೇ ಮಾಡಿಕೊಳ್ಳುವಂಥ ತಂತ್ರಾಂಶ ಸಿಕ್ಕರೆ, ಸ್ವಲ್ಪ ಹೆಚ್ಚು ಬೆಲೆಯಾದರೂ ಅದನ್ನೇ ತೆಗೆದುಕೊಳ್ಳಿ.