ಇಂಟೀರಿಯರ್ ಡಿಸೈನರ್‌ಗೆ ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು

ಬಸವೇಶ್ವರನಗರದ ನಮ್ಮ ಮನೆ 30x40 ಸೈಟಿನದು, 1992ರಲ್ಲಿ ಅಪ್ಪ ಕಟ್ಟಿಸಿದ್ದು. ಮೊಸಾಯಿಕ್ ನೆಲ, ಹೊನ್ನೆ ಮರದ ಬಾಗಿಲು, ತಂತಿ ಕಟ್ಟುವ ಹಳೇ ಕಿಟ್‌ಕ್ಯಾಟ್ ಫ್ಯೂಸು, ಅಮ್ಮನ ಮಂಡಿಗೆ ಒಗ್ಗದ ಬಚ್ಚಲು. ಕೆಳಗೆ ನಾವು, ಮಹಡಿಯಲ್ಲಿ ಬಾಡಿಗೆಯವರು. ರಿಪೇರಿಗೆ ಕೈ ಹಾಕುವಾಗ ಇಂಟೀರಿಯರ್ ಡಿಸೈನರ್ ಒಬ್ಬರು ಇರಲಿ ಎಂದಾಗ ಮನೆಯವರೆಲ್ಲರದೂ ಒಂದೇ ಮಾತು: "ಬಣ್ಣ ಆರಿಸೋಕೂ ದುಡ್ಡು ಕೊಡಬೇಕಾ?" ಕೊಟ್ಟೆವು. ಒಟ್ಟು ಖರ್ಚು 14 ಲಕ್ಷ ದಾಟಿತು. ಅದರಲ್ಲಿ ಅವರ ಫೀಸು ಒಂದು ಲಕ್ಷದ ಆಸುಪಾಸು. ಬಣ್ಣದ ಮಾತಿಗೆ ಹಿಡಿದದ್ದು ಅರ್ಧ ಗಂಟೆಯೂ ಇಲ್ಲ. ಅದನ್ನೂ ಕೊನೆಗೆ ಅಮ್ಮನೇ ಆರಿಸಿದರು.

ಮೊದಲ ಸಲ ಬಂದಾಗ ಡಿಸೈನರ್ ಮೇಡಂ ಟೇಪು ಹಿಡಿದದ್ದು ಅಮ್ಮನ ಮೊಣಕೈಗೆ. "ಅಮ್ಮಾ, ಸ್ವಲ್ಪ ನೇರ ನಿಂತ್ಕೊಳ್ಳಿ." ನೆಲದಿಂದ 37 ಇಂಚು. ತರಕಾರಿ ಹೆಚ್ಚುವ ಕಟ್ಟೆ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿದ್ದರೆ ಭುಜ ನೋಯುವುದಿಲ್ಲವಂತೆ. ಒಲೆ ಇಡುವ ಜಾಗ ಅದಕ್ಕಿಂತ ತಗ್ಗಿರಬೇಕು. ಒಲೆಯೇ ನಾಲ್ಕಿಂಚು, ಅದರ ಮೇಲೆ ಕುಕ್ಕರು, ಮುದ್ದೆ ತಿರುವುವ ಪಾತ್ರೆ. ಕೊಟೇಶನ್ ಕೊಡಲು ಬಂದಿದ್ದ ಬಡಗಿಗಳೆಲ್ಲ ಕೇಳದೆಯೇ 34 ಇಂಚು ಎಂದು ಬರೆದುಕೊಂಡು ಹೋಗಿದ್ದರು. ಈಗ ನಮ್ಮ ಕಟ್ಟೆ 32 ಇಂಚು, ಒಲೆಯ ಜಾಗ 29. ಅಮ್ಮನ ಎತ್ತರ ಐದಡಿಗೆ ಒಂದು ಕೂದಲು ಕಡಿಮೆ.

ಆಮೇಲೆ ಕಪಾಟುಗಳನ್ನೆಲ್ಲ ತೆಗೆಸಿದರು. ದಿನಾ ಬಳಸುವ ಪಾತ್ರೆ ಯಾವುದು, ಗೌರಿ ಹಬ್ಬಕ್ಕೋ ಶ್ರಾದ್ಧಕ್ಕೋ ಮಾತ್ರ ಇಳಿಯುವ ಕೊಳಗ ಯಾವುದು ಅಂತ ಬೇರೆ ಬೇರೆ ಗುಡ್ಡೆ ಹಾಕಿಸಿದರು. ಗ್ರೈಂಡರ್ ದಿನಾ ಎತ್ತಿ ಇಳಿಸ್ತೀರಾ, ಇದ್ದಲ್ಲೇ ಇರುತ್ತಾ? ಸೊಪ್ಪು ಎಲ್ಲಿ ಬಿಡಿಸ್ತೀರಿ? "ಟಿವಿ ಮುಂದೆ, ಇನ್ನೆಲ್ಲಿ!" ಎಂದರು ಅಮ್ಮ, ಇದೆಂಥ ಪ್ರಶ್ನೆ ಎನ್ನುವ ಧಾಟಿಯಲ್ಲಿ. ಆ ಉತ್ತರದಿಂದಲೇ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯ ಮಾತು ಬಂತು.

ಆ ಗೋಡೆ ಪೂರ್ತಿ ಹೋಗಬೇಕು ಅಂತ ನನ್ನಾಸೆ. ಮೇಸ್ತ್ರಿಯೂ "ಒಂದೇ ದಿನದ ಕೆಲಸ ಸಾರ್" ಎಂದಿದ್ದ. ಮೇಡಂ ಅಳೆದರೆ ಒಂಬತ್ತಿಂಚಿನ ಗೋಡೆ, ಮನೆಯಲ್ಲಿ ಎಲ್ಲೂ ಪಿಲ್ಲರ್ ಇಲ್ಲ. ಅಂದರೆ ಮಹಡಿಯ ಭಾರ ಹೊತ್ತಿರುವುದೇ ಗೋಡೆಗಳು. ನಾಲ್ಕೂವರೆ ಇಂಚಿನ ಅಡ್ಡಗೋಡೆಯಾಗಿದ್ದರೆ ಮಾತು ಬೇರೆಯಿತ್ತು, ಅದನ್ನೂ ಮೇಲೇನಿದೆ ಅಂತ ನೋಡಿಯೇ ಒಡೆಯಬೇಕು. "ಇದು ನನ್ನ ಕೈಲಿ ತೀರ್ಮಾನ ಮಾಡೋ ವಿಷಯ ಅಲ್ಲ" ಎಂದು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದರು. ಅವರು ಒಪ್ಪಿದ್ದು ನಾಲ್ಕಡಿ ಅಗಲದ ಕಿಂಡಿಗೆ. ಮೊದಲು ಸ್ಲ್ಯಾಬಿಗೆ ಜಾಕಿ ಕೊಟ್ಟು, ಮೇಲೆ ಕಬ್ಬಿಣದ ತೊಲೆ ಕೂರಿಸಿ, ಆಮೇಲೆ ಅದರ ಕೆಳಗೆ ಒಡೆದದ್ದು. ಕಿಂಡಿಯ ಬುಡಕ್ಕೆ ತಗ್ಗಾದ ಒಂದು ಹಲಗೆ ಬಂತು. ಅಮ್ಮ ಕುರ್ಚಿ ಎಳೆದುಕೊಂಡು ಸೊಪ್ಪು ಬಿಡಿಸುತ್ತಾರೆ, ಟಿವಿಯೂ ಕಾಣುತ್ತದೆ.

ಫೀಸಿನ ಬಹುಪಾಲು ಗಿಟ್ಟಿದ್ದು ಹೀಗೆ, ಸುತ್ತಿಗೆ ಏಳುವ ಮೊದಲೇ. ನೆಲದ ವಿಷಯ ನೋಡಿ. ಹಳೆಯ ಮೊಸಾಯಿಕ್ ಮೇಲೆಯೇ ವಿಟ್ರಿಫೈಡ್ ಟೈಲ್ಸ್ ಅಂಟಿಸೋಣ ಎಂದಿದ್ದೆವು. ಹಾಗೆ ಮಾಡಿದರೆ ನೆಲ ಅರ್ಧ ಇಂಚಿನಷ್ಟಾದರೂ ಏರುತ್ತದೆ, ಒಂದೊಂದು ಬಾಗಿಲಿನ ಬುಡವನ್ನೂ ಕೊಯ್ಯಬೇಕು, ಬಚ್ಚಲಿನ ಬಳಿ ಅಮ್ಮನಿಗೆ ಎಡವಲು ಹೊಸದೊಂದು ಮೆಟ್ಟಿಲು. ಬದಲಿಗೆ ಬಿರುಕಿಗೆ ಬಿಳಿ ಸಿಮೆಂಟ್ ತುಂಬಿಸಿ ಮಷಿನ್ ಪಾಲಿಶ್ ಮಾಡಿಸಿದೆವು. ಟೈಲ್ಸಿನ ಖರ್ಚಿನಲ್ಲಿ ಸಣ್ಣದೊಂದು ಪಾಲು, ಬಂದವರೆಲ್ಲ ನೆಲವನ್ನೇ ಹೊಗಳುತ್ತಾರೆ.

ಬೇಜಾರು ತಂದದ್ದು ಬಚ್ಚಲು. ಅದರ ಮೇಲ್ಛಾವಣಿಯಲ್ಲಿ ತೇವದ ಕಲೆ ಇತ್ತು. ಪೇಂಟರ್ ಪುಟ್ಟಿ ಬಳಿದು ಮುಚ್ಚುತ್ತೇನೆ ಎಂದ. ಮೇಡಂ ಮಾತ್ರ ಮಹಡಿಯ ಬಚ್ಚಲು ಸರಿಯಾಗದೆ ಕೆಳಗೆ ಒಂದು ಟೈಲ್ಸೂ ಹಾಕಿಸಲ್ಲ ಎಂದು ಪಟ್ಟು ಹಿಡಿದರು. ಬಾಡಿಗೆಯವರನ್ನು ಒಪ್ಪಿಸಿ, ಮೇಲಿನ ನೆಲ ಕೀಳಿಸಿ, ವಾಟರ್‌ಪ್ರೂಫಿಂಗ್ ಬಳಿಸಿ, ಮೋರಿಯ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ನೋಡಿದ ಮೇಲೆಯೇ ಕೆಳಗಿನ ಕೆಲಸ ಶುರು. ಕೆಲಸದವರು ಕೈಕಟ್ಟಿ ಕೂತಿದ್ದಾಗ ನನಗೆ ಸಿಟ್ಟೇ ಬಂದಿತ್ತು. ಎರಡು ಮಳೆಗಾಲ ಕಳೆದರೂ ಆ ಕಲೆ ಮತ್ತೆ ಮೂಡಿಲ್ಲ. ಬಚ್ಚಲಿನ ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು. ಕಮೋಡಿನ ಪಕ್ಕ ಹಿಡಿಕೆಯೂ ಬಂತು.

ವೈರಿಂಗ್ ಕತೆ ಚಿಕ್ಕದು: ಕಿಟ್‌ಕ್ಯಾಟ್ ಹೋಗಿ, ಲೋಡು ಮೀರಿದರೆ ತಾನೇ ಬೀಳುವ ಎಂಸಿಬಿ, ಜೊತೆಗೆ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಬಂದವು. ಎಲ್ಲ ಸಾಕೆಟ್ಟಿಗೂ ಅರ್ಥಿಂಗ್ ಆಯಿತು. ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಗೂ ಟೇಪು ಹಿಡಿದು ಪೈಪುಗಳ ಫೋಟೊ ತೆಗೆದಿಟ್ಟುಕೊಂಡಿದ್ದೇನೆ. ಪರದೆಯ ರಾಡ್ ಹಾಕಲು ಡ್ರಿಲ್ ಮಾಡುವಾಗೆಲ್ಲ ಆ ಫೋಟೊ ಬೇಕಾಗುತ್ತದೆ.

ಮರಗೆಲಸಕ್ಕೆ ಬಂದ ಮೂರು ಕೊಟೇಶನ್ ಎದುರಿಗಿಟ್ಟುಕೊಂಡರೂ ಯಾವುದು ಅಗ್ಗ ಅಂತ ಹೇಳಲಾಗುತ್ತಿರಲಿಲ್ಲ. ಒಬ್ಬರು ಬಾಗಿಲಿನ ಮುಖವನ್ನಷ್ಟೇ ಚದರಡಿ ಲೆಕ್ಕಕ್ಕೆ ಹಿಡಿದಿದ್ದರು, ಇನ್ನೊಬ್ಬರು ಒಳಗಿನ ಅರೆಗಳನ್ನೂ ಸೇರಿಸಿದ್ದರು, ಮತ್ತೊಬ್ಬರು ಹಿಂಬದಿಯ ಹಲಗೆ ಯಾವುದು ಅಂತ ಬರೆದೇ ಇರಲಿಲ್ಲ. ಮೇಡಂ ತಾವೇ ಒಂದು ಪಟ್ಟಿ ಮಾಡಿ ಮೂವರಿಗೂ ಕೊಟ್ಟರು. ಸಿಂಕಿನ ಸುತ್ತ ನೀರಿಗೆ ಜಗ್ಗದ, ಐಎಸ್ 710 ಗುರುತಿನ ಮರೈನ್ ಪ್ಲೈವುಡ್, ನೀರು ಸೋಕದ ಬೆಡ್‌ರೂಮ್ ವಾರ್ಡ್‌ರೋಬಿಗೆ ಐಎಸ್ 303ರ ಎಂಆರ್ (ತೇವ ತಡೆಯುವ) ದರ್ಜೆ ಸಾಕು, ಎರಡೂ 18 ಮಿ.ಮೀ., ಹೊರಗೆ 1 ಮಿ.ಮೀ. ಲ್ಯಾಮಿನೇಟ್, ಯಾವ ಕಂಪನಿಯ ಹಿಂಜು, ಎಷ್ಟು. ಆಗ ಮೂರೂ ಒಂದೇ ತಕ್ಕಡಿಗೆ ಬಂದವು. ಮನೆಗೆಲ್ಲ ದುಬಾರಿ ಪ್ಲೈವುಡ್ ಹಾಕಿಸುವ ಖರ್ಚೂ ಉಳಿಯಿತು. ಶೀಟು ಇಳಿಸುವ ದಿನ ಒಂದೊಂದರ ಮೇಲಿನ ಸೀಲನ್ನೂ ನಾನೇ ನಿಂತು ಓದಿದೆ. ಡ್ರೈವರ್ ನಕ್ಕ, ನಗಲಿ.

ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಫಾಲ್ಸ್ ಸೀಲಿಂಗ್ ಬೇಡವೇ ಬೇಡ ಎಂದೆ. ಒಂಬತ್ತೂವರೆ ಅಡಿ ಎತ್ತರದ ಹಾಲನ್ನು ಇನ್ನೂ ಕೆಳಗಿಳಿಸಿ, ಮೂಲೆಯಲ್ಲಿ ದೂಳು ಸಾಕಿಕೊಳ್ಳುವ ಖುಷಿ ನನಗೆ ಅರ್ಥವಾಗುವುದಿಲ್ಲ. ಅಡುಗೆ ಕಟ್ಟೆಗೆ ಬಿಳಿ ಕ್ವಾರ್ಟ್ಜ್ ತೋರಿಸಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅರಿಶಿನ ಬಿದ್ರೆ?" ಮೇಡಂ ನಕ್ಕುಬಿಟ್ಟರು. ಮಾರನೆಯ ವಾರ ಎಲ್ಲರೂ ಜಿಗಣಿಗೆ ಹೋಗಿ ಕಪ್ಪು ಗ್ರಾನೈಟ್ ಆರಿಸಿ ಬಂದೆವು. 3ಡಿ ಚಿತ್ರಗಳೂ ನನಗೆ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ಅದಕ್ಕಿಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಂಚ, ಸೋಫಾ ಬರೆದು ಅದರ ಮಧ್ಯೆ ಓಡಾಡಿ ನೋಡಿದ್ದೇ ವಾಸಿ.

ಡಿಸೈನರನ್ನು ಹುಡುಕಿದ ಬಗೆಯನ್ನು ಬಹಳ ಜನ ಕೇಳುತ್ತಾರೆ. ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಿಕೊಳ್ಳಲು 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಬೇಕು. ಇಂಟೀರಿಯರ್ ಡಿಸೈನರ್ ಎನ್ನಲು ಅಂಥ ಕಟ್ಟುಪಾಡಿಲ್ಲ. ಹಾಗಾಗಿ ಫೋಟೊ ಆಲ್ಬಮ್ ಪಕ್ಕಕ್ಕಿಟ್ಟು, ಮೂರ್ನಾಲ್ಕು ವರ್ಷದ ಹಿಂದೆ ಅವರು ಮುಗಿಸಿದ ಮನೆಯನ್ನೇ ತೋರಿಸಿ ಎಂದೆ. ಆ ಮನೆಯವರ ಅಪ್ಪಣೆ ಕೇಳಿ ಸಿಂಕಿನ ಕೆಳಗಿನ ಬಾಗಿಲು ತೆಗೆದು ನೋಡಿದೆ. ಬುಡ ಉಬ್ಬಿರಲಿಲ್ಲ, ಲ್ಯಾಮಿನೇಟ್ ಅಂಚು ಎದ್ದಿರಲಿಲ್ಲ. ಕಾಫಿ ಕುಡಿಯುತ್ತ ಆ ಮನೆಯವರನ್ನು ಕೇಳಿದ್ದು ಒಂದೇ: ಕೆಲಸ ಮುಗಿದ ಮೇಲೆ ಫೋನ್ ಎತ್ತುತ್ತಾರಾ?

ಕಮಿಷನ್ ಮಾತನ್ನು ಮೊದಲ ಭೇಟಿಯಲ್ಲೇ ಎತ್ತಿದೆ. ಪ್ಲೈವುಡ್, ಟೈಲ್ಸ್, ಲೈಟು ಅಂಗಡಿಗಳಲ್ಲಿ ಕರೆತಂದವರಿಗೆ ಇಂತಿಷ್ಟು ಅಂತ ಕೊಡುವ ರೂಢಿ ಇರುವುದು ಗುಟ್ಟೇನಲ್ಲ. ಬಡಗಿಗೂ ಹೋಗುತ್ತದೆ, ಡಿಸೈನರಿಗೂ ಹೋಗುತ್ತದೆ. "ಫೀಸು ಸ್ವಲ್ಪ ಜಾಸ್ತಿ ಹೇಳ್ತೀನಿ, ಆದ್ರೆ ಬಿಲ್ಲೆಲ್ಲ ನಿಮ್ಮ ಹೆಸರಲ್ಲಿ, ಡಿಸ್ಕೌಂಟೂ ನಿಮ್ಮದೇ" ಎಂದರು. ಹಾಗೆಯೇ ಬರೆದು ಸಹಿ ಹಾಕಿದೆವು. ಒಂದು ವಾರ್ಡ್‌ರೋಬ್ ಮಾಡಿಸಲಿಕ್ಕೋ ಮನೆಗೆ ಬಣ್ಣ ಹೊಡೆಸಲಿಕ್ಕೋ ಆಗಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ, ನಂಬಿಕೆಯ ಆಚಾರ್ರು ಒಬ್ಬರು ಸಾಕು. ನೀರು, ಕರೆಂಟು, ಗೋಡೆ, ಮರ ನಾಲ್ಕೂ ಒಟ್ಟಿಗೆ ಬಿಚ್ಚಿಕೊಂಡಾಗ ಪ್ಲಂಬರ್ ಎಲೆಕ್ಟ್ರಿಶಿಯನ್ ಮೇಲೆ, ಎಲೆಕ್ಟ್ರಿಶಿಯನ್ ಬಡಗಿಯ ಮೇಲೆ ಹಾಕುವ ಹೊತ್ತಿಗೆ ಡ್ರಾಯಿಂಗ್ ಬಿಡಿಸಿ "ಇಲ್ಲಿ ಹೀಗಿದೆ, ನೋಡಿ" ಎನ್ನುವವರು ಬೇಕಾಗುತ್ತಾರೆ.

ಫೀಸನ್ನು ಕೆಲಸದ ಹಂತಕ್ಕೆ ತಕ್ಕಂತೆ ಕಂತಿನಲ್ಲಿ ಕೊಟ್ಟೆ. ಕೊನೆಯ ಕಂತನ್ನು ಗೃಹಪ್ರವೇಶದಂದು ಕೊಡದೆ, ಒಂದೆರಡು ತಿಂಗಳು ವಾಸವಿದ್ದು, ತಿಕ್ಕುವ ಡ್ರಾಯರು, ಸಡಿಲವಾದ ಹಿಂಜು, ನೀರು ನಿಲ್ಲುವ ಮೂಲೆ ಎಲ್ಲವನ್ನೂ ಪಟ್ಟಿ ಮಾಡಿ, ಬಡಗಿ ಬಂದು ಸರಿಮಾಡಿ ಹೋದ ಸಂಜೆ ಕೊಟ್ಟೆ. ಇದು ಒಪ್ಪಂದದಲ್ಲೇ ಇತ್ತು, ಅವರೇ ಬರೆಸಿದ್ದರು.