ಸೂಜಿ ಚುಚ್ಚದೆ ಮಕ್ಕಳ ಹಿಮೋಗ್ಲೋಬಿನ್ ನೋಡುವುದು: ನನ್ನ ಅನುಭವ

ನಾನು ದಾವಣಗೆರೆಯಲ್ಲಿ ಅನಸ್ತೇಶಿಯಾ ಡಾಕ್ಟರ್. ಹರ್ನಿಯಾ, ಟಾನ್ಸಿಲ್, ಸೀಳುತುಟಿ ಅಂತ ಬರುವ ಮಕ್ಕಳನ್ನು ಆಪರೇಷನ್‌ಗೆ ಮುಂಚೆ ನೋಡಿ ಫಿಟ್‌ನೆಸ್ ಕೊಡುತ್ತೇನೆ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯವರೇ ಜಾಸ್ತಿ. ಹಿಂದೆ ರಕ್ತ ತೆಗೆಯುತ್ತಿದ್ದದ್ದು ಅಡ್ಮಿಟ್ ಆದ ಮೇಲೆ. ಸಂಜೆ ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ (ರಕ್ತದಲ್ಲಿ ಆಕ್ಸಿಜನ್ ಹೊರುವ ಅಂಶ) 8, ಅಂದರೆ 100 ಮಿ.ಲೀ. ರಕ್ತಕ್ಕೆ 8 ಗ್ರಾಂ, ಅಂತ ಬಂದರೆ ಮರುದಿನದ ಆಪರೇಷನ್ ಮುಂದಕ್ಕೆ, ಕೂಲಿ ಬಿಟ್ಟು ಬಂದವರು ಮಗುವನ್ನು ಎತ್ತಿಕೊಂಡು ವಾಪಸ್ ಬಸ್ ಹತ್ತಬೇಕು.

ಈಗ ಸರ್ಜನ್ ಆಪರೇಷನ್ ದಿನ ಗೊತ್ತು ಮಾಡುವಾಗಲೇ ಬೆರಳಿಗೆ ಪಲ್ಸ್ ಕೋ-ಆಕ್ಸಿಮೀಟರ್ ಅನ್ನುವ ಯಂತ್ರದ ಸೆನ್ಸರ್ ಹಾಕಿ ಹಿಮೋಗ್ಲೋಬಿನ್ ನೋಡುತ್ತೇವೆ. ಮಗು ಅಳುವುದಿಲ್ಲ ಅನ್ನುವುದು ಒಂದು ಲಾಭ, ಆದರೆ ನನಗೆ ದೊಡ್ಡದು ಅನಿಸಿದ್ದು ಕೈಗೆ ಸಿಗುವ ಮೂರು ನಾಲ್ಕು ವಾರ. ಅಷ್ಟರಲ್ಲಿ ಐರನ್ ಸಿರಪ್ ಕೆಲಸ ಶುರು ಮಾಡುತ್ತದೆ. ತುರ್ತು ಆಪರೇಷನ್ ಆದರೆ ಇದಕ್ಕೆಲ್ಲ ಕಾಯುವುದಿಲ್ಲ ಬಿಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಜನಕ್ಕೆ ರಕ್ತಹೀನತೆ ಇದೆ, ಅಂದಮೇಲೆ ಇದು ಅಪರೂಪದ ತೊಂದರೆ ಅಲ್ಲ.

ತುಂಬಾ ಜನ ಕೇಳುತ್ತಾರೆ, "ಸರ್, ಕರೋನಾ ಟೈಮಲ್ಲಿ ತಗೊಂಡಿದ್ವಲ್ರೀ, ಅದೇ ಅಲ್ಲೇನ್ರೀ ಇದು?" ಅಲ್ಲ. ಮನೆಯ ಆಕ್ಸಿಮೀಟರ್ ಎರಡು ಬಗೆಯ ಬೆಳಕು ಬಿಟ್ಟು, ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಅಂತ ಮಾತ್ರ ಹೇಳುತ್ತದೆ. ಒಟ್ಟು ಎಷ್ಟಿದೆ ಅಂತ ಹೇಳುವುದಿಲ್ಲ. ಹಿಮೋಗ್ಲೋಬಿನ್ 7 ಇರುವ ಮಗುವಿಗೂ ಅದು ಆರಾಮಾಗಿ 99 ತೋರಿಸಬಹುದು. ಸೀಟು ಕಡಿಮೆ ಇರುವ ಸಣ್ಣ ಬಸ್‌ನಲ್ಲಿ ಎಲ್ಲ ಸೀಟೂ ತುಂಬಿದ ಹಾಗೆ. ನಾವು ಬಳಸುವುದು ಪಲ್ಸ್ ಕೋ-ಆಕ್ಸಿಮೀಟರ್. ಅದು ಇನ್ನೂ ಹಲವು ಬಗೆಯ ಬೆಳಕು ಬಿಟ್ಟು ಹಿಮೋಗ್ಲೋಬಿನ್ ಅಂದಾಜು ಮಾಡುತ್ತದೆ.

ಅಂದಾಜು ಅಂದೆ, ಗಮನಿಸಿ. ಲ್ಯಾಬ್ ರಿಪೋರ್ಟ್‌ಗಿಂತ ಒಂದು ಗ್ರಾಂ ಆಚೀಚೆ ಹೋಗುವುದು ಮಾಮೂಲು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಹಾಗಾಗಿ ನಾನು ಗಡಿಯನ್ನು ಸ್ವಲ್ಪ ಮೇಲಕ್ಕೆ ಇಟ್ಟುಕೊಂಡಿದ್ದೇನೆ. ಐದರಿಂದ ಹನ್ನೊಂದು ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಗಡಿ 11.5 ಗ್ರಾಂ. ನಾನು ಸೂಜಿ ಬೇಡ ಅನ್ನುವುದು ಯಂತ್ರ 12.5 ದಾಟಿ ತೋರಿಸಿದರೆ, ಅದೂ ರಕ್ತ ಜಾಸ್ತಿ ಹೋಗದ ಸಣ್ಣ ಆಪರೇಷನ್‌ಗೆ. ಅದಕ್ಕಿಂತ ಕಡಿಮೆ ಇದ್ದರೆ ರಕ್ತ ತೆಗೆಯಲೇಬೇಕು. ದೊಡ್ಡ ಆಪರೇಷನ್ ಆದರೆ ಹೇಗೂ ಬ್ಲಡ್ ಗ್ರೂಪ್‌ಗೆ ಸೂಜಿ ಇದ್ದೇ ಇದೆ.

ಬೆರಳಿನ ವಿಷಯದಲ್ಲಿ ಅವಸರ ಮಾಡಬೇಡಿ. ಕೈ ತಣ್ಣಗಿದ್ದರೆ ಅಂಕಿ ನಂಬುವ ಹಾಗಿಲ್ಲ, ಅಮ್ಮನ ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿಸುತ್ತೇನೆ. ಮದುವೆ, ಜಾತ್ರೆ ಸಮಯದಲ್ಲಿ ಮೆಹಂದಿ, ನೇಲ್ ಪಾಲಿಶ್ ಇರುತ್ತದೆ, ಬಣ್ಣ ಇಲ್ಲದ ಬೆರಳು ಹುಡುಕಬೇಕು. ಕಿಟಕಿ ಬೆಳಕು ಬೀಳದಂತೆ ಮೇಲೊಂದು ಬಟ್ಟೆ. ಮಗು ಕೈ ಆಡಿಸುತ್ತಿದ್ದರೆ ಮೊಬೈಲ್‌ನಲ್ಲಿ ಏನಾದರೂ ತೋರಿಸಿ (ಇದಕ್ಕಾದರೂ ಮೊಬೈಲ್ ಉಪಯೋಗಕ್ಕೆ ಬರಲಿ).

ಯಂತ್ರ ಹಾಕಿದೆ ಅಂತ ಕೇಳುವುದನ್ನು ಬಿಡುವುದಿಲ್ಲ. ಮಣ್ಣು, ಬಳಪ ತಿನ್ನುತ್ತಾನಾ? ದಿನಕ್ಕೆ ಎಷ್ಟು ಸಲ ಚಹಾ? ಜಂತುಹುಳದ ಮಾತ್ರೆ ಯಾವಾಗ ಕೊಟ್ಟಿದ್ದು? ರಕ್ತ ಕಡಿಮೆ ಅಂತ ಲ್ಯಾಬ್‌ನಲ್ಲೂ ಗೊತ್ತಾದರೆ ಮಕ್ಕಳ ಡಾಕ್ಟರ್ ತೂಕ ನೋಡಿ ಸಿರಪ್ ಬರೆಯುತ್ತಾರೆ. ಅದನ್ನು ಹಾಲು, ಚಹಾ ಜೊತೆ ಕೊಡಬೇಡಿ, ನಿಂಬೆ ಶರಬತ್ತು ಆಗಬಹುದು. ಮಲ ಕಪ್ಪಾಗುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೆದರಿ ಎರಡೇ ದಿನಕ್ಕೆ ಬಾಟಲಿ ಮೂಲೆ ಸೇರುತ್ತದೆ.

ನಾಲ್ಕು ವಾರಕ್ಕೆ ಸುಮಾರು ಒಂದು ಗ್ರಾಂ ಏರಿರಬೇಕು. ಇಲ್ಲಿ ಮಾತ್ರ ನಾನು ಸೆನ್ಸರ್ ಮುಟ್ಟುವುದಿಲ್ಲ. ಯಂತ್ರವೇ ಒಂದು ಗ್ರಾಂ ಆಚೀಚೆ ಹೋಗುವಾಗ ಒಂದು ಗ್ರಾಂ ಏರಿದ್ದು ಅದರಲ್ಲಿ ಹೇಗೆ ಗೊತ್ತಾಗಬೇಕು, ಅಲ್ವಾ? ಲ್ಯಾಬ್‌ನಲ್ಲೇ ನೋಡಿಸುತ್ತೇನೆ. ಸಿರಪ್ ಸರಿಯಾಗಿ ಕುಡಿಸಿದರೂ ಏರದಿದ್ದರೆ ಸುಮ್ನೆ ಮತ್ತೊಂದು ಬಾಟಲಿ ಬರೆಯುವುದಿಲ್ಲ, ಥಲಸ್ಸೇಮಿಯಾ (ಅಪ್ಪ ಅಮ್ಮನಿಂದ ಬರುವ ಹಿಮೋಗ್ಲೋಬಿನ್ ತೊಂದರೆ) ಏನಾದರೂ ಇದೆಯಾ ಅಂತ ನೋಡಲು ಮಕ್ಕಳ ಡಾಕ್ಟರ್ ಹತ್ತಿರ ಮತ್ತೆ ಕಳಿಸುತ್ತೇನೆ.