ವೊಕೋಡರಲ್ಲಿ ಕನ್ನಡ ಹಾಡ್ಸೋದು: ನನ್ನ ಅನುಭವ

ನಾನು ಒಂದು ಬ್ಯಾಂಡಲ್ಲಿ ಕೀಬೋರ್ಡ್ ನುಡಿಸ್ತೀನಿ, ಜನಪದ ಹಾಡುಗಳ ಕೋರಸ್‌ಗೆ ವೊಕೋಡರ್ (ಕೀಬೋರ್ಡ್ ಸದ್ದನ್ನ ಮಾತಾಡೋ ಹಾಗೆ ಮಾಡೋ ಸಾಧನ) ಹಾಕ್ತೀನಿ, ರೆಕಾರ್ಡಿಂಗಲ್ಲೂ ಸ್ಟೇಜಲ್ಲೂ. ಕೇಳಿದವರು ಆಟೋಟ್ಯೂನ್ ತಾನೇ ಅಂತಾರೆ. ಅಲ್ಲ. ಆಟೋಟ್ಯೂನ್ ಬಂದಿದ್ದು 1997ರಲ್ಲಿ, ಅದು ನೀವು ಹಾಡಿದ ಸ್ವರನ ಪಕ್ಕದ ಸರಿ ಸ್ವರಕ್ಕೆ ಎಳೆಯತ್ತೆ. ವೊಕೋಡರ್ ಎಷ್ಟೋ ಹಳೇದು, ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಹೋಮರ್ ಡಡ್ಲಿ 1928ರ ಹೊತ್ತಿಗೆ ಟೆಲಿಫೋನ್ ಲೈನಿಗೋಸ್ಕರ ಶುರು ಮಾಡಿದ್ದು, ಎರಡನೇ ಮಹಾಯುದ್ಧದಲ್ಲಿ ಗುಟ್ಟಿನ ಫೋನ್ ಮಾತಿಗೂ ಬಳಸಿದ್ರು. ಇದರಲ್ಲಿ ಸ್ವರ ಬರೋದು ಕೀಬೋರ್ಡಿಂದ, ಮೈಕಿಂದ ಬರೋದು ಬರೀ ಉಚ್ಚಾರಣೆ. ಮೈಕ್ ಸೌಂಡನ್ನ ಫ್ರೀಕ್ವೆನ್ಸಿ ಪ್ರಕಾರ ಭಾಗ ಮಾಡಿ, ಯಾವ ಭಾಗ ಎಷ್ಟು ಜೋರಿದೆ ಅಂತ ಅಳೆದು, ಕೀಬೋರ್ಡಿನ ಸದ್ದು ಹುಟ್ಟಿಸೋ ಸಿಂಥ್‌ನ ಅದೇ ಭಾಗನ ಅಷ್ಟೇ ಏರಿಸಿ ಇಳಿಸತ್ತೆ. ಹಾಗಾಗಿ ಸಿಂಥಲ್ಲಿ ಸಾ ವೇವ್ (ಗರಗಸದ ಹಲ್ಲಿನ ಆಕಾರದ ಅಲೆ) ಥರ ತುಂಬಿದ ಸೌಂಡೇ ಬೇಕು, ಒಂದೇ ಫ್ರೀಕ್ವೆನ್ಸಿ ಇರೋ ಸೈನ್ ವೇವ್ ಇಟ್ರೆ ಒಂದು ಪದಾನೂ ಅರ್ಥ ಆಗಲ್ಲ.

ಕನ್ನಡಕ್ಕೆ ಇದು ಚೆನ್ನಾಗಿ ಕೂರತ್ತೆ, ನಮ್ಮ ಪದಗಳು ಹೆಚ್ಚಾಗಿ ಅ, ಇ, ಉ, ಎ ಅಂತ ಬಾಯಿ ಬಿಟ್ಟೇ ಮುಗಿಯೋದ್ರಿಂದ ಕಾರ್ಡ್ (ಒಟ್ಟಿಗೆ ಒತ್ತೋ ಸ್ವರಗಳು) ಹಿಡಿದು ಎಳೆಯೋಕೆ ಜಾಗ ಸಿಗತ್ತೆ. ಕಷ್ಟ ಇರೋದು ಸ, ಶ, ಚ ದಲ್ಲಿ. ಇವು ಗಂಟಲು ನಡುಗದೆ ಬರೀ ಗಾಳೀಲಿ ಬರೋ ಸದ್ದು, ಜೋರೆಲ್ಲ ಮೇಲಿನ ಫ್ರೀಕ್ವೆನ್ಸಿಲಿ, ಸಾ ವೇವಲ್ಲಿ ಅಲ್ಲಿ ಸರಕು ಕಮ್ಮಿ. "ಸೋಬಾನೆ" ಅಂತ ಹಾಡಿದ್ರೆ "ಓಬಾನೆ" ಅಂತ ಕೇಳ್ಸತ್ತೆ. ಅದಕ್ಕೆ ನಾನು ಸಿಂಥ್ ಜೊತೆ ಸ್ವಲ್ಪ ವೈಟ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿನೂ ಇರೋ ಸುಯ್ ಅನ್ನೋ ಸದ್ದು) ಸೇರಿಸ್ತೀನಿ, ಆಮೇಲೆ ಒರಿಜಿನಲ್ ಧ್ವನಿಗೆ 5 ಕಿಲೋಹರ್ಟ್ಸ್ ಹತ್ರ ಹೈಪಾಸ್ (ಅದರ ಕೆಳಗಿನ ಸದ್ದು ಕತ್ತರಿಸೋ ಫಿಲ್ಟರ್) ಹಾಕಿ ಸಣ್ಣಗೆ ಬೆರೆಸ್ತೀನಿ, ಸ ವಾಪಸ್ ಬಂದ್ಬಿಡತ್ತೆ. ಒತ್ತಕ್ಷರ ಇನ್ನೊಂದು. "ಬೆಟ್ಟ"ದ ಟ್ಟ ದಲ್ಲಿ ನಾಲಿಗೆ ಒಂದು ಕ್ಷಣ ಸದ್ದು ತಡೆಯತ್ತಲ್ಲ, ರಿಲೀಸ್ (ಮೈಕಲ್ಲಿ ಸದ್ದು ನಿಂತ ಮೇಲೆ ವೊಕೋಡರ್ ಸದ್ದು ಇಳಿಯೋಕೆ ಹಿಡಿಯೋ ಹೊತ್ತು) ಉದ್ದ ಇಟ್ರೆ ಆ ಮೌನ ತುಂಬಿಹೋಗಿ "ಬೆಡ" ಥರ ಆಗತ್ತೆ, ನಾನು 20ರಿಂದ 30 ಮಿಲಿಸೆಕೆಂಡ್ ಮೇಲೆ ಬಿಡಲ್ಲ. ಬ್ಯಾಂಡ್, ಅಂದ್ರೆ ಫ್ರೀಕ್ವೆನ್ಸಿ ಭಾಗಗಳ ಸಂಖ್ಯೆ 16ರ ಮೇಲಿದ್ರೆ ಪದ ಸ್ಪಷ್ಟ, ಕಮ್ಮಿ ಇದ್ರೆ ಹಳೇ ರೋಬೋಟ್ ಧಾಟಿ.

ಲೀಡ್ ಧ್ವನಿಗೆ ಮಾತ್ರ ನಾನು ವೊಕೋಡರ್ ಹಾಕಲ್ಲ. ಗಾಯಕಿ ಕೊಡೋ ಗಮಕ ಎಲ್ಲ ಅವರ ಗಂಟಲಿನ ಪಿಚ್ಚಲ್ಲಿ ಇರತ್ತೆ, ವೊಕೋಡರ್ ಆ ಪಿಚ್ ಕಡೆ ನೋಡೋದೇ ಇಲ್ಲ, ಕೀಬೋರ್ಡಲ್ಲಿ ಪಿಚ್ ಬೆಂಡ್ ತಿರುಗಿಸಿ ಎಷ್ಟು ಹತ್ರ ಹೋದ್ರೂ ಆ ಜೀವ ಬರಲ್ಲ. ಆಟೋಟ್ಯೂನನ್ನ ಫುಲ್ ಸ್ಪೀಡಿಗೆ ಇಟ್ರೆ ಗಮಕ ಮೆಟ್ಟಿಲು ಮೆಟ್ಟಿಲಾಗಿ ಒಡೆಯತ್ತೆ, ನಮ್ಮ ಸಂಗೀತಕ್ಕೆ ಅದು ಮಾಡೋ ಅನ್ಯಾಯ ದೊಡ್ಡದು ಅಂತ ನನ್ನ ಖಚಿತ ಅಭಿಪ್ರಾಯ.

ಸ್ಟೇಜಲ್ಲಿ ನಿಜವಾದ ಶತ್ರು ಡ್ರಮ್ಸ್. ಸ್ನೇರ್ ಡ್ರಮ್ಮಿನ ಸದ್ದು ಮೈಕಿಗೆ ನುಗ್ಗಿದ್ರೆ, ಬೆರಳು ಕೀ ಮೇಲಿದ್ದಾಗೆಲ್ಲ ವೊಕೋಡರ್ ಅದನ್ನೇ ಮಾತು ಅಂದ್ಕೊಂಡು ಕಾರ್ಡಲ್ಲಿ ಬೊಗಳತ್ತೆ. ಅದಕ್ಕೆ ನನ್ನ ಉಪಾಯ: ಡೈನಾಮಿಕ್ ಮೈಕ್ (ದೂರದ ಸದ್ದು ಕಮ್ಮಿ ಹಿಡಿಯೋದು), ತುಟಿಗೆ ಅಂಟಿಸ್ಕೊಂಡು ಹಾಡೋದು, ವೊಕೋಡರ್ ಮುಂದೆ ಗೇಟ್ (ಸಣ್ಣ ಸದ್ದು ಒಳಗೆ ಬಿಡದ ಸಾಧನ), ಕಿವೀಲಿ ಇನ್-ಇಯರ್ ಇಯರ್‌ಫೋನ್. ಲ್ಯಾಪ್‌ಟಾಪಲ್ಲಿ ಬಫರ್ (ಅದು ಒಂದು ಸಲಕ್ಕೆ ಕೂಡಿಸಿಟ್ಕೊಳ್ಳೋ ಸೌಂಡಿನ ಅಳತೆ) 128 ಸ್ಯಾಂಪಲ್, ಅದಕ್ಕಿಂತ ಜಾಸ್ತಿ ಆದ್ರೆ ಬಾಯಿಗೂ ಸದ್ದಿಗೂ ಅಂತರ ಗೊತ್ತಾಗತ್ತೆ. ಇಂಜಿನಿಯರ್‌ಗೆ ವೊಕೋಡರ್ ಮತ್ತು ಒರಿಜಿನಲ್ ಧ್ವನಿ ಎರಡೂ ಬೇರೆ ಬೇರೆ ಚಾನಲಲ್ಲಿ ಕೊಡ್ತೀನಿ, ಬಯಲಲ್ಲಿ ಶೋ ಇದ್ರೆ ಪದ ಕೇಳೋ ಹಾಗೆ ಒರಿಜಿನಲ್ ಸ್ವಲ್ಪ ಏರಿಸಿ ಅಂತ ಸೌಂಡ್ ಚೆಕ್ಕಲ್ಲೇ ಹೇಳಿಬಿಡ್ತೀನಿ.